ಕೊಳವೆಗೆ ಕದಲಲು ಜಾಗ ಕೊಡೋಣ



1999ರ ಆಗಸ್ಟ್ 17ರ ಬೆಳಗಿನ ಜಾವ ಟರ್ಕಿಯ ಕೊಜಾಯೆಲಿ ಪ್ರಾಂತ್ಯದಲ್ಲಿ ಭೂಮಿ ಬಿರಿಯಿತು. ಕುಲ್ಲಾರ್ ಎಂಬಲ್ಲಿ 2.2 ಮೀಟರ್ ವ್ಯಾಸದ ಉಕ್ಕಿನ ನೀರಿನ ಕೊಳವೆ ಉತ್ತರ ಅನಟೋಲಿಯ ಸ್ತರಭಂಗವನ್ನು ಓರೆಯಾಗಿ ದಾಟುತ್ತಿತ್ತು. ಅಲ್ಲಿ ನೆಲ ಸುಮಾರು 3 ಮೀಟರ್ ಪಕ್ಕಕ್ಕೆ ಸರಿಯಿತು. ಕೊಳವೆ ಬಾಗಿತು, ಒತ್ತಿಗೆ ಸಿಕ್ಕಿತು, ಅದರ ಗೋಡೆ ಸುಕ್ಕುಗಟ್ಟಿ ನೀರು ಸೋರಿತು, ಆದರೆ ತುಂಡಾಗಲಿಲ್ಲ. ಆ ಸುಕ್ಕುಗಳನ್ನು ಓದುವುದೇ ನಮ್ಮ ವಿದ್ಯೆ.

ನೆಲ ಅಲುಗುವುದು ಬೇರೆ, ಸರಿಯುವುದು ಬೇರೆ. ಅಲುಗಾಟವನ್ನು ಚೆನ್ನಾಗಿ ಬೆಸೆದ ಉಕ್ಕಿನ ಕೊಳವೆ ಮಣ್ಣಿನ ಜೊತೆಗೇ ತೂಗಾಡಿ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಸ್ತರಭಂಗ ಸರಿದಾಗಲೋ, ಎರಡೂ ಬದಿಯ ಮಣ್ಣು ಒಂದೇ ಕೊಳವೆಯನ್ನು ಹಿಡಿದು ಬೇರೆ ಬೇರೆ ಕಡೆಗೆ ಒಯ್ಯುತ್ತದೆ. ಎಳೆದರೆ ಉಕ್ಕು ಹಿಗ್ಗುತ್ತದೆ. ಬೆಸುಗೆ ಗಟ್ಟಿಯಿದ್ದರೆ ಬಹಳಷ್ಟು ಸಹಿಸುತ್ತದೆ. ಒತ್ತಿದರೆ ಬೇಗ ಸುಕ್ಕು ಬೀಳುತ್ತದೆ. ಹಾಗಾಗಿ ಒತ್ತು ಬೀಳದಂತೆ ದಾಟುವ ಕೋನವನ್ನು ಮಾರ್ಗ ಗುರುತಿಸುವಾಗಲೇ ಆರಿಸಬೇಕು.

ಇಲ್ಲಿ ನಮ್ಮ ಕೈಗೆ ಹತ್ತಿದ ರೂಢಿಯನ್ನೂ ಬಿಡಬೇಕಾಗುತ್ತದೆ. ಬೇರೆಡೆ ಮಣ್ಣು ತುಂಬಿ ದಮ್ಮಸ್ಸು ಮಾಡುವುದೇ ಒಳ್ಳೆಯ ಕೆಲಸ. ಸ್ತರಭಂಗದ ಬಳಿ ಆ ಬಿಗಿಯೇ ಅಪಾಯ. ಅಲ್ಲಿ ಕಂದಕ ಅಗಲವಾಗಿರಲಿ, ಅದರ ಬದಿಗಳು ಇಳಿಜಾರಾಗಿರಲಿ, ಆಳ ಹೆಚ್ಚಾಗದಿರಲಿ, ತುಂಬುವುದು ಸಡಿಲ ಮರಳಾಗಿರಲಿ. ತಿರುವು, ವಾಲ್ವ್, ಕಾಂಕ್ರೀಟ್ ದಿಮ್ಮಿ ದೂರವಿರಲಿ. ಮಣ್ಣಿನ ಹಿಡಿತ ಸಡಿಲವಾದಷ್ಟೂ ಹಿಗ್ಗು ಒಂದೇ ಕಡೆ ಕೂಡಿಕೊಳ್ಳದೆ ಉದ್ದಕ್ಕೂ ಹಂಚಿಹೋಗುತ್ತದೆ.

ಅಲಾಸ್ಕಾದ ತೈಲ ಕೊಳವೆಯನ್ನು ಡೆನಾಲಿ ಸ್ತರಭಂಗದ ಬಳಿ ಹೂಳಲೇ ಇಲ್ಲ. ಉದ್ದನೆಯ ಅಡ್ಡತೊಲೆಗಳ ಮೇಲೆ, ಸುಮಾರು 6 ಮೀಟರ್ ಜಾರುವಷ್ಟು ಜಾಗ ಬಿಟ್ಟು ಇಟ್ಟರು. 2002ರ ನವೆಂಬರ್ 3ರಂದು 7.9 ಪ್ರಮಾಣದ ಭೂಕಂಪವಾಗಿ ಅಲ್ಲಿನ ನೆಲ 4 ಮೀಟರಿಗೂ ಹೆಚ್ಚು ಸರಿಯಿತು. ತೈಲ ಚೆಲ್ಲಲಿಲ್ಲ. ನೆಲ ಸರಿಯುತ್ತದೆಂದು ಭೂವಿಜ್ಞಾನಿಗಳು 1970ರ ದಶಕದಲ್ಲೇ ಹೇಳಿದ್ದರು. ಇಂಜಿನಿಯರುಗಳು ಆ ಮಾತನ್ನು ನಂಬಿ ಕಟ್ಟಿದ್ದರು.

ನಮ್ಮಲ್ಲೂ 2001ರ ಭುಜ್ ಭೂಕಂಪದ ನಂತರ ಕಾನ್ಪುರದ ಐಐಟಿ, ಗುಜರಾತಿನ ವಿಪತ್ತು ನಿರ್ವಹಣಾ ಪ್ರಾಧಿಕಾರದ ಜೊತೆ ಸೇರಿ ಹೂತ ಕೊಳವೆಗಳಿಗೆ ಮಾರ್ಗಸೂಚಿ ರೂಪಿಸಿದೆ. ಆ ಮಾರ್ಗಸೂಚಿಯ ಮಾತು ಕಂದಕದೊಳಗೆ ನಿಂತು ಬೆಸುಗೆ ಹಾಕುವವರಿಗೆ, ಮಣ್ಣು ತುಂಬುವವರಿಗೆ ಅವರ ಭಾಷೆಯಲ್ಲೇ ಮುಟ್ಟಬೇಕು. ಈ ಸಂಕಿರಣದಿಂದ ನಾನು ಬಯಸುವುದು ಅದನ್ನೇ.

1906ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರ ನಡುಗಿದಾಗ ನೀರಿನ ಕೊಳವೆಗಳು ಒಡೆದವು. ಹೊತ್ತಿದ ಬೆಂಕಿ ಆರಿಸಲು ನೀರಿಲ್ಲದೆ ಊರು ದಿನಗಟ್ಟಲೆ ಉರಿಯಿತು. ನಾವು ಇಲ್ಲಿ ಚರ್ಚಿಸುವ ಪ್ರತಿಯೊಂದು ಕೋನದ, ಪ್ರತಿಯೊಂದು ಬೆಸುಗೆಯ ಆಚೆ ತುದಿಯಲ್ಲಿ ನೀರಿಗಾಗಿ ಕಾಯುವ ಒಂದು ಊರಿದೆ. ಅದನ್ನು ಕಣ್ಣ ಮುಂದಿಟ್ಟುಕೊಂಡು ಮಾತು ಶುರುಮಾಡೋಣ.