ಗುಹೆಯೊಳಕ್ಕೆ ತಂದವರು ಯಾರು?

ಪಳೆಯುಳಿಕೆ ಹಕ್ಕಿಗಳಿಗಾಗಿಯೇ ಒಂದು ಇಡೀ ದಿನ ಮೀಸಲಾಗುವುದು ಅಪರೂಪ.

2018ರಲ್ಲಿ ಕ್ರಿಮಿಯಾದ ಜುಯಾ ಎಂಬ ಊರಿನ ಬಳಿ ತಾವ್ರಿದಾ ಹೆದ್ದಾರಿಯ ಕೆಲಸ ನಡೆಯುತ್ತಿದ್ದಾಗ ನೆಲದಡಿಯ ಗುಹೆಯೊಂದು ಬಯಲಾಯಿತು. ಯಂತ್ರಗಳು ನಿಂತವು, ಪಳೆಯುಳಿಕೆ ತಜ್ಞರು ಒಳಗಿಳಿದರು. ದಕ್ಷಿಣದ ಮ್ಯಾಮತ್, ದೈತ್ಯ ಕತ್ತೆಕಿರುಬ, ಕತ್ತಿಹಲ್ಲಿನ ಬೆಕ್ಕು ಇವುಗಳ ಅವಶೇಷಗಳ ಜೊತೆಗೆ ಹಕ್ಕಿಯೊಂದರ ತೊಡೆಮೂಳೆಯೂ ಸಿಕ್ಕಿತು. ನಿಕಿತಾ ಜೆಲೆಂಕೊವ್ ಮತ್ತು ಸಂಗಡಿಗರು 2019ರಲ್ಲಿ ಅದನ್ನು ವಿವರಿಸಿದರು. ಹಕ್ಕಿಯ ತೂಕ ಸುಮಾರು 450 ಕಿಲೊ ಎಂದು ಲೆಕ್ಕ ಹಾಕಿದರು. ಇಂದಿನ ಉಷ್ಟ್ರಪಕ್ಷಿ ನೂರರಿಂದ ನೂರೈವತ್ತು ಕಿಲೊ ತೂಗುತ್ತದೆ. ಜಾರ್ಜಿಯಾದ ದ್ಮನಿಸಿಯಲ್ಲಿ ಮೊದಲೇ ದೊರೆತಿದ್ದ ಹಕ್ಕಿಯನ್ನೇ ಇದು ಹೋಲುತ್ತದೆಂದು ಕಂಡು, ಪ್ಯಾಕಿಸ್ಟ್ರುಥಿಯೊ ದ್ಮನಿಸೆನ್ಸಿಸ್ ಎಂಬ ಹೆಸರಿನಡಿ ಸೇರಿಸಿದರು. ಕಾಲ ಸುಮಾರು 18ರಿಂದ 15 ಲಕ್ಷ ವರ್ಷಗಳ ಹಿಂದೆ, ಆದಿ ಪ್ಲೀಸ್ಟೊಸೀನ್.

ಪತ್ರಿಕೆಗಳಿಗೆ ಬೇಕಾದದ್ದೆಲ್ಲ ಇದರಲ್ಲಿತ್ತು. ಆದಿಮಾನವ ಯುರೋಪಿಗೆ ಬಂದಾಗ ದೈತ್ಯ ಹಕ್ಕಿ ಅಲ್ಲಿ ಓಡಾಡುತ್ತಿತ್ತು! ದ್ಮನಿಸಿಯಲ್ಲಿ ಮಾನವರ ತಲೆಬುರುಡೆಗಳೂ ಸಿಕ್ಕಿರುವುದರಿಂದ ಆ ಮಾತನ್ನು ಸುಳ್ಳೆನ್ನಲಾಗದು.

ನಮ್ಮ ಕ್ಷೇತ್ರ ದಾರಿ ತಪ್ಪಿದ್ದು ಇಂಥ ಅವಸರದಲ್ಲಿಯೇ. ಮೂಳೆ ಸಿಕ್ಕ ಕೂಡಲೇ ಜಾತಿ ಗುರುತಿಸುತ್ತಾರೆ, ತೂಕ ಕಟ್ಟುತ್ತಾರೆ, ಅಲ್ಲಿಂದ ನೇರವಾಗಿ ಹುಲ್ಲುಗಾವಲು, ಬರ, ಮೇವು ಎಂದು ನೆಲದ ಚಿತ್ರ ಬರೆಯುತ್ತಾರೆ. ನಡುವಿನ ಪ್ರಶ್ನೆ ಜಾರಿಹೋಗುತ್ತದೆ: ಬಯಲಿನ ಹಕ್ಕಿಯ ಕಾಲು ಗುಹೆಯೊಳಗೆ ಹೇಗೆ ಬಂತು? ಗುಹೆಯಲ್ಲಿರುವುದು ಹೊರಗಿನ ಲೋಕದ ಜನಗಣತಿಯಲ್ಲ. ಯಾರೋ ಆರಿಸಿ ತಂದದ್ದು, ತಿಂದು ಬಿಟ್ಟದ್ದು, ನೀರು ಎಳೆದು ತಂದದ್ದು ಮಾತ್ರ ಅಲ್ಲಿರುತ್ತದೆ.

ಇದು ಹೊಸ ಮಾತೇನಲ್ಲ. ಗೂಬೆ ಕಕ್ಕಿದ ಉಂಡೆಗಳನ್ನು ವರ್ಷಗಟ್ಟಲೆ ಬಿಡಿಸಿ ನೋಡಿದವರು ಈ ಸಭೆಯಲ್ಲೇ ಇದ್ದಾರೆ. ತಿಂದವರು ಯಾರೆಂಬುದರ ಗುರುತು ಮೂಳೆಯಲ್ಲೇ ಉಳಿಯುತ್ತದೆ ಎಂದು ಪೀಟರ್ ಆಂಡ್ರೂಸ್ 1990ರ ಪುಸ್ತಕದಲ್ಲಿ ತೋರಿಸಿದ್ದನ್ನು ಅವರಿಗೆ ಮತ್ತೆ ಹೇಳಬೇಕಿಲ್ಲ.

ಆದರೂ ಒಂದು ಪ್ರಸಂಗವನ್ನು ವಿದ್ಯಾರ್ಥಿಗಳಿಗಾಗಿ ಹೇಳಲೇಬೇಕು. ದಕ್ಷಿಣ ಆಫ್ರಿಕದ ಗುಹೆಗಳ ಮೂಳೆರಾಶಿ ನೋಡಿ ರೇಮಂಡ್ ಡಾರ್ಟ್, ನಮ್ಮ ಪೂರ್ವಜರು ಮೂಳೆಯನ್ನೇ ಆಯುಧ ಮಾಡಿಕೊಂಡ ಕ್ರೂರ ಬೇಟೆಗಾರರು ಎಂದು ಸಾರಿದರು. ಮುಂದೆ ಬಾಬ್ ಬ್ರೇನ್ ಅಲ್ಲಿಯದೇ ಸ್ವಾರ್ಟ್‌ಕ್ರಾನ್ಸ್ ಗುಹೆಯ ಎಳೆಯ ಆದಿಮಾನವನ ತಲೆಬುರುಡೆಯೊಂದನ್ನು ಕೈಗೆತ್ತಿಕೊಂಡರು. ಅದರಲ್ಲಿ ಎರಡು ತೂತು. ಅದೇ ಗುಹೆಯ ಚಿರತೆಯ ಕೆಳದವಡೆಯ ಕೋರೆಹಲ್ಲುಗಳು ಆ ತೂತುಗಳಿಗೆ ಸರಿಯಾಗಿ ಕೂತವು. ಬೇಟೆಗಾರನೆಂದುಕೊಂಡವನು ಬೇಟೆಯಾಗಿದ್ದ! ಟೌಂಗ್ ಮಗು ಎಂದು ಹೆಸರಾದ ಇನ್ನೊಂದು ಎಳೆಯ ತಲೆಬುರುಡೆಯ ವಿಷಯದಲ್ಲಿ 1995ರಲ್ಲಿ ಬರ್ಗರ್ ಮತ್ತು ಕ್ಲಾರ್ಕ್ ಹದ್ದಿನತ್ತ ಬೊಟ್ಟು ಮಾಡಿದರು. ಮಾನವನ ಮೂಳೆಯೆಂದರೆ ಇಷ್ಟು ವಿಚಾರಣೆ ನಡೆಯುತ್ತದೆ. ಹಕ್ಕಿಯ ಮೂಳೆಗೂ ಅದು ಸಲ್ಲಬೇಕು.

ಮರಳಿ ಕ್ರಿಮಿಯಾಕ್ಕೆ. ಆ ತೊಡೆಮೂಳೆ ಹೆಚ್ಚುಕಡಿಮೆ ಇಡಿಯಾಗಿದೆ. ಕತ್ತೆಕಿರುಬವೋ, ಮಜ್ಜೆಗಾಗಿ ಮೂಳೆ ಒಡೆಯುವುದರಲ್ಲಿ ಅದನ್ನು ಮೀರಿಸುವ ಪ್ರಾಣಿಯಿಲ್ಲ. ಅಂಥದ್ದು ವಾಸವಿದ್ದ ಕಾಲದ ಗುಹೆಯಲ್ಲಿ ಇಷ್ಟು ದೊಡ್ಡ ಮೂಳೆ ಹೇಗೆ ಉಳಿಯಿತು? ಹಕ್ಕಿಯೇ ಬಿರುಕಿನೊಳಕ್ಕೆ ಬಿದ್ದಿರಬಹುದೆ? ಮಣ್ಣು ಬೇಗ ಮುಚ್ಚಿರಬಹುದೆ? ಇವೆರಡಕ್ಕಿಂತ ಹೆಚ್ಚು ಕಾಡುವ ಸಾಧ್ಯತೆ ಮೂರನೆಯದು. ಇಂದಿನ ಉಷ್ಟ್ರಪಕ್ಷಿಯ ತೊಡೆಮೂಳೆ ಒಳಗೆ ಮಜ್ಜೆಯಿಲ್ಲದ ಟೊಳ್ಳು. ಉಸಿರಾಟದ ಗಾಳಿಚೀಲದ ಕವಲು ಅಲ್ಲಿಯವರೆಗೂ ಹೋಗಿರುತ್ತದೆ. ಮಜ್ಜೆ ಬೇಕಾದ ಕತ್ತೆಕಿರುಬ ಮೊಣಕಾಲಿನ ಕೆಳಗಿನ ಮೂಳೆಗೆ ಬಾಯಿ ಹಾಕಬೇಕು. ಪ್ಯಾಕಿಸ್ಟ್ರುಥಿಯೊದ ತೊಡೆಯೂ ಹಾಗೇ ಇದ್ದಿದ್ದರೆ, ಅದು ಉಳಿದದ್ದು ತಿನ್ನಲು ಲಾಯಕ್ಕಿಲ್ಲವೆಂದೇ ಇರಬಹುದು. ಆಗ ಗುಹೆಗಳಲ್ಲಿ ಸಿಗುವ ದೈತ್ಯ ಹಕ್ಕಿಗಳ ಮೂಳೆಪಟ್ಟಿಯನ್ನು ಬರೆದುಕೊಟ್ಟದ್ದು ಕತ್ತೆಕಿರುಬದ ನಾಲಗೆಯೇ ಆಗುತ್ತದೆ. ಅಂಥ ಪಟ್ಟಿಯನ್ನು ನೆಚ್ಚಿ ಅಂದಿನ ಬಯಲಿನಲ್ಲಿ ಈ ಹಕ್ಕಿ ವಿರಳವಾಗಿತ್ತೋ ಹೇರಳವಾಗಿತ್ತೋ ಹೇಳುವುದು ಹೇಗೆ?

ಇದನ್ನು ಪರೀಕ್ಷಿಸಬಹುದು. ಸಿ.ಟಿ. ಸ್ಕ್ಯಾನ್ ಟೊಳ್ಳನ್ನು ತೋರಿಸುತ್ತದೆ. ಸೂಕ್ಷ್ಮದರ್ಶಕ ಹಲ್ಲಿನ ಗೀರನ್ನು ತೋರಿಸುತ್ತದೆ. ಉಷ್ಟ್ರಪಕ್ಷಿಗಳು ಇಂದಿಗೂ ಇರುವ ಆಫ್ರಿಕದ ಕತ್ತೆಕಿರುಬದ ಬಿಲಗಳಲ್ಲಿ ಯಾವ ಮೂಳೆ ಉಳಿಯುತ್ತದೆ, ಯಾವುದು ಪುಡಿಯಾಗುತ್ತದೆ ಎಂದು ಎಣಿಸಬಹುದು. ನಮ್ಮ ದೇಶದಲ್ಲೂ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಮಗ ಹೆನ್ರಿ 1880ರ ದಶಕದಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ಅಗೆದರು. ಅಲ್ಲಿನ ಮೂಳೆಗಳು ಇಷ್ಟು ಹಳೆಯವಲ್ಲ, ಆದರೆ ಅವುಗಳಿಗೂ ಇದೇ ಪ್ರಶ್ನೆ ಹಾಕಬೇಕು.

ಇಂದು ಮಂಡನೆಯಾಗುವ ಪ್ರತಿಯೊಂದು ಪ್ರಬಂಧದ ಕೋಷ್ಟಕದಲ್ಲಿ ಜಾತಿ, ಅಳತೆ, ತೂಕಗಳ ಪಕ್ಕ ಇನ್ನೊಂದು ಕಲಂ ಇರಲಿ: ಮೂಳೆಯ ಮೇಲಿನ ಗುರುತುಗಳು. ಏನೂ ಕಾಣದಿದ್ದರೆ ಹಾಗೆಂದೇ ಬರೆಯಲಿ. ಮೊದಲ ಗೋಷ್ಠಿಯ ಅಧ್ಯಕ್ಷರು ಕಾಯುತ್ತಿದ್ದಾರೆ. ಚರ್ಚೆ ಆ ಕಲಂನಿಂದಲೇ ಶುರುವಾಗಲಿ.