ಸೋಲಾರಿಗೆ ಬ್ಯಾಟರಿ: ಸಾಲ ತೆಗೆಯುವ ಮುನ್ನ ಎರಡು ಮಾತು



2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರಿಗೆ 78,000 ರೂಪಾಯಿ ಸಹಾಯಧನ ಅದ. ಆದರೆ "ಮಾಳಿಗಿ ಮ್ಯಾಲೆ ಸೋಲಾರ್ ಇದ್ರೂ ಕರೆಂಟ್ ಹೋದ್ರ ಮನಿ ಯಾಕ ಕತ್ತಲಾಗ್ತದ್ರೀ?" ಎಂದು ನಮ್ಮ ಚೌಡಾಪುರದಾಗ ಕೇಳುವವರಿದ್ದಾರೆ. ಅದು ಕೆಟ್ಟಿದ್ದಲ್ಲ. ಜೆಸ್ಕಾಂ ಲೈನಿಗೆ ಕೂಡಿಸಿದ ಇನ್ವರ್ಟರ್, ಲೈನ್ ಹೋದ ಕೂಡಲೇ ತಾನೂ ನಿಲ್ಲಬೇಕು. ಇಲ್ಲದಿದ್ದರೆ ನಮ್ಮ ಕರೆಂಟು ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ.

ಕತ್ತಲು ತಪ್ಪಬೇಕಾದರೆ ಬ್ಯಾಟರಿ ಬೇಕು. ಬರೀ ಬ್ಯಾಟರಿ ತಂದು ಹಚ್ಚಿದರೆ ಆಗದು, ಹೊಂದುವ ಹೈಬ್ರಿಡ್ ಇನ್ವರ್ಟರೂ ಬೇಕು. ಈ ಯೋಜನೆಯಲ್ಲಿ ಬ್ಯಾಟರಿಗೆ ಬೇರೆ ಸಹಾಯಧನ ಇಲ್ಲ.

ಲೆಕ್ಕ ನೋಡಿರಿ. 12 ವೋಲ್ಟ್, 150 ಎ.ಎಚ್. ಬ್ಯಾಟರಿ 1.8 ಯೂನಿಟ್ ಹಿಡಿಯುತ್ತದೆ. ಆಸಿಡ್ ಬ್ಯಾಟರಿ ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು. ಅದರಿಂದ ನಾಲ್ಕು ಬಲ್ಬು, ಎರಡು ಫ್ಯಾನು ಸುಮಾರು ನಾಲ್ಕು ತಾಸು ನಡೆದಾವು. ಅದಕ್ಕೆ ಡಿಸ್ಟಿಲ್ಡ್ ನೀರು ಹಾಕುತ್ತಿರಬೇಕು, ಗಾಳಿಯಾಡುವ ಜಾಗದಾಗ ಇಡಬೇಕು. ಲಿಥಿಯಂ ಬ್ಯಾಟರಿ ತುಟ್ಟಿ, ಆದರೆ ನೀರಿನ ಗೊಡವೆ ಇಲ್ಲ, ಬಾಳಿಕೆಯೂ ಹೆಚ್ಚು.

ಆದ್ದರಿಂದ ರಾತ್ರಿ ಏನೇನು ನಡೆಯಬೇಕು, ಎಷ್ಟು ತಾಸು ಎಂಬುದನ್ನು ಮೊದಲು ಚೀಟಿಯಲ್ಲಿ ಬರೆದುಕೊಳ್ಳಿರಿ. ಆಮೇಲೆ ಸಾಲದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚೋಣ.