ಒಂದು ಒಡ್ಡು, ಎರಡು ದಂಡೆ
(ಜೇವರ್ಗಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಲಬುರಗಿಯಿಂದ ಈ ಊರಿಗೆ ಬರುವವರು ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮಾ ನದಿಯನ್ನು ದಾಟಿ ಬರುತ್ತಾರೆ. ಬಿರುಬೇಸಿಗೆಯಲ್ಲಿ ಹೊಳೆಯ ಪಾತ್ರದಲ್ಲಿ ಮರಳು, ಬಂಡೆ, ಅಲ್ಲೊಂದು ಇಲ್ಲೊಂದು ಮಡು. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಇದೇ ಹೊಳೆ ದಂಡೆ ಮೀರಿ ಹೊಲಗಳಿಗೆ, ಊರುಗಳಿಗೆ ನುಗ್ಗಿತು. ಬತ್ತಿದಾಗಲೂ ಉಕ್ಕಿದಾಗಲೂ ನಾವು ನೋಡುವುದು ಒಂದೇ ದಿಕ್ಕಿಗೆ, ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ಕಡೆಗೆ. ಬೇಸಿಗೆಯಲ್ಲಿ ನೀರು ಬಿಡಿ ಎಂದು ಕೇಳುತ್ತೇವೆ. ಮಳೆಗಾಲದಲ್ಲಿ ಯಾಕೆ ಬಿಟ್ಟಿರಿ ಎಂದು ಕೇಳುತ್ತೇವೆ. ಎರಡೂ ಪ್ರಶ್ನೆಗಳು ನ್ಯಾಯವಾದವೇ.

ದೊಡ್ಡ ಕಾಮಗಾರಿಗಳಿಂದ ನೆರೆಹೊರೆಯವರ ನಡುವೆ ಶಾಂತಿ ಬೆಳೆಯುತ್ತದೆಯೆ ಎಂಬ ಇಂದಿನ ವಿಷಯವನ್ನು ಆದ್ದರಿಂದಲೇ ಈ ಹೊಳೆಯ ದಂಡೆಯಲ್ಲಿ ನಿಂತು ಮಾತನಾಡುವುದು ಸರಿ ಎನಿಸಿತು.

ಈ ವಿಚಾರ ಹೊಸದಲ್ಲ. ಅಮೆರಿಕದ ಟೆನೆಸಿ ಕಣಿವೆ ಯೋಜನೆಯ ಮುಖ್ಯಸ್ಥರಾಗಿದ್ದ ಡೇವಿಡ್ ಲಿಲಿಯೆಂಥಾಲ್ 1951ರಲ್ಲಿ ಭಾರತ, ಪಾಕಿಸ್ತಾನಗಳನ್ನು ನೋಡಿಹೋದರು. ಸಿಂಧೂ ಕಣಿವೆಯನ್ನು ಎರಡೂ ದೇಶಗಳು ಕೂಡಿ ಕಟ್ಟಲಿ, ಕೂಡಿ ನಡೆಸಲಿ, ಜಗಳ ತಾನಾಗಿ ತಣ್ಣಗಾಗುತ್ತದೆ ಎಂಬುದು ಅವರ ಸಲಹೆಯಾಗಿತ್ತು. ವಿಶ್ವಬ್ಯಾಂಕು ನಡುವೆ ಬಂದಿತು. ಒಂಬತ್ತು ವರ್ಷ ಮಾತುಕತೆ ನಡೆದು 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಹಿ ಹಾಕಿದರು. ಆದರೆ ಸಹಿ ಬಿದ್ದದ್ದು ಕೂಡಿ ಕಟ್ಟುವ ಯೋಜನೆಗಲ್ಲ, ಪಾಲಾಗುವ ಪತ್ರಕ್ಕೆ. ರಾವಿ, ಬಿಯಾಸ್, ಸತ್ಲೆಜ್ ನಮಗೆ; ಸಿಂಧೂ, ಝೇಲಂ, ಚಿನಾಬ್ ಅವರಿಗೆ. ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದಂತೆ. ಹಾಗೆಂದು ಅದನ್ನು ಹಗುರವಾಗಿ ಕಾಣಬೇಕಿಲ್ಲ. 1965 ಮತ್ತು 1971ರ ಯುದ್ಧಗಳಲ್ಲೂ ಆ ಒಪ್ಪಂದ ಮುರಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ಬಳಿಕ, ಭಾರತ ಅದನ್ನು ಅಮಾನತಿನಲ್ಲಿಟ್ಟಿತು.

ಕೂಡಿಯೇ ಕಟ್ಟಿದ್ದನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟು ಸಾಕು.

ರಾಯಲಸೀಮೆ, ಬಳ್ಳಾರಿಗಳ ಬರವನ್ನು ಕಂಡು ಇಲ್ಲೊಂದು ಜಲಾಶಯವಾಗಬೇಕೆಂದು ಆರ್ಥರ್ ಕಾಟನ್ 1860ರಲ್ಲೇ ಸೂಚಿಸಿದ್ದರು. ಆದರೆ ಬಲದಂಡೆ ಮದ್ರಾಸ್ ಪ್ರಾಂತ್ಯದ್ದು, ಎಡದಂಡೆ ಹೈದರಾಬಾದಿನ ನಿಜಾಮರದ್ದು, ಮೇಲಿನ ಹೊಳೆ ಮೈಸೂರಿನದು. ಮೂವರೂ ಲೆಕ್ಕ ಹಾಕುತ್ತ ಕುಳಿತರು. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆಯಿತು. ಆ ನಡುವೆ ಎಷ್ಟು ಬರಗಾಲ ಬಂದುಹೋದವು! ಕಡೆಗೆ 1944ರ ಜೂನಿನಲ್ಲಿ ಮದ್ರಾಸು ಮತ್ತು ಹೈದರಾಬಾದು ತಲಾ 65 ಟಿಎಂಸಿ ಎಂದು ಒಪ್ಪಿಕೊಂಡವು. 1945ರ ಫೆಬ್ರುವರಿ 28ರಂದು ಶಂಕುಸ್ಥಾಪನೆಯಾಯಿತು. ಆ ದಿನದ ಸಂಗತಿ ಕೇಳಿ: ಎಡಗಡೆ ನಿಜಾಮರ ಮಗ, ಬೇರಾರಿನ ಯುವರಾಜ, ಬಲಗಡೆ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಒಂದೇ ಅಣೆಕಟ್ಟಿಗೆ ಎರಡು ಕಡೆ ಎರಡು ಸಮಾರಂಭ. ಕೆಲಸವೂ ಹಾಗೆಯೇ ಹಂಚಿಕೆಯಾಯಿತು. ಎಡಭಾಗ ಇವರದು, ಬಲಭಾಗ ಅವರದು, ನಡುವಿನಲ್ಲಿ ಕೂಡಬೇಕು. ಜೇವರ್ಗಿ ಆಗ ಗುಲ್ಬರ್ಗಾ ಜಿಲ್ಲೆಯೊಡನೆ ನಿಜಾಮರ ಸಂಸ್ಥಾನದಲ್ಲಿತ್ತು. ಅಂದರೆ ನಾವು ಎಡದಂಡೆಯ ಕಡೆಯವರು.

ಶಂಕುಸ್ಥಾಪನೆಯಾಗಿ ಮೂರೂವರೆ ವರ್ಷವಾಗುವಷ್ಟರಲ್ಲಿ, 1948ರ ಸೆಪ್ಟೆಂಬರಿನಲ್ಲಿ, ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಬೇಕಾಯಿತು. ಅದಕ್ಕೆ ಮೊದಲು ರಜಾಕಾರರ ಹಾವಳಿಯಲ್ಲಿ ನಮ್ಮ ಜನ ಪಟ್ಟ ಪಾಡನ್ನು ಈ ಸಭೆಗೆ ನಾನು ಹೇಳಬೇಕಿಲ್ಲ. ಕೂಡಿ ಕಟ್ಟುತ್ತಿದ್ದ ಗೋಡೆ ಆ ಹಗೆಯನ್ನು ತಡೆಯಲಿಲ್ಲ. ಅಷ್ಟೇ ಅಲ್ಲ, 1953ರಲ್ಲಿ ಆಂಧ್ರ ರಾಜ್ಯ ಹುಟ್ಟುವಾಗ ಬಳ್ಳಾರಿಗಾಗಿ ನಡೆದ ಜಗ್ಗಾಟದಲ್ಲಿ ಈ ಅಣೆಕಟ್ಟೂ ಒಂದು ಕಾರಣವಾಗಿತ್ತು. ನೀರಿನ ಬೀಗದಕೈ ಯಾರ ಸೊಂಟದಲ್ಲಿರಬೇಕು ಎಂಬ ಪ್ರಶ್ನೆ ಅದು. ದೊಡ್ಡ ಕಟ್ಟಡ ಜಗಳ ಹಚ್ಚಲೂ ಬಲ್ಲದು.

ಒಡ್ಡಿನಡಿ ಹೋದವರನ್ನೂ ನೆನೆಯಬೇಕು. ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯಂಥ ಊರು ನೀರಡಿ ಸೇರಿತು. ಎರಡು ಸರ್ಕಾರಗಳ ರಾಜಿಪತ್ರದಲ್ಲಿ ಮೂರನೆಯವರಾಗಿ ಅವರ ಸಹಿ ಇರಲಿಲ್ಲ.

ಬಳ್ಳಾರಿಯ ಜಗ್ಗಾಟದ ಬಿಸಿಯಲ್ಲೇ ಇನ್ನೊಂದು ಕೆಲಸವಾಯಿತು. ಅದೇ 1953ರ ಆಂಧ್ರ ರಾಜ್ಯ ಕಾಯಿದೆಯ 66ನೆಯ ಕಲಮಿನ ಬಲದಿಂದ ತುಂಗಭದ್ರಾ ಮಂಡಳಿ ರಚನೆಯಾಯಿತು. ಅಧ್ಯಕ್ಷರು ಕೇಂದ್ರದವರು, ಸದಸ್ಯರು ರಾಜ್ಯಗಳವರು. ಅಣೆಕಟ್ಟು ಮತ್ತು ಬಲದಂಡೆಯ ಕಾಲುವೆಗಳು ಮಂಡಳಿಯ ಕೈಯಲ್ಲಿ. ಎಡದಂಡೆಯ ಕಾಲುವೆ ಮಾತ್ರ ಕರ್ನಾಟಕದ್ದು. ಒಳಹರಿವು ಎಷ್ಟು, ಯಾರಿಗೆ ಎಷ್ಟು ಹೋಯಿತು, ದುರಸ್ತಿಯ ಖರ್ಚು ಯಾರ ಪಾಲಿಗೆ ಎಷ್ಟು ಎಂಬುದೆಲ್ಲ ಅಲ್ಲಿನ ಕಡತಕ್ಕೆ ಏರುತ್ತದೆ. ಬಹಳ ನೀರಸವಾದ ಕೆಲಸ. ಆದರೆ ಒಪ್ಪಂದ ಮಾಡಿಕೊಂಡ ಹೈದರಾಬಾದ್ ಸಂಸ್ಥಾನವೂ ಮದ್ರಾಸ್ ಪ್ರಾಂತ್ಯವೂ ಇಂದು ಇಲ್ಲ. 1956ರಲ್ಲಿ ನಕ್ಷೆ ಬದಲಾಯಿತು, 2014ರಲ್ಲಿ ತೆಲಂಗಾಣ ಬಂತು. ಕಡತ ನಡೆದೇ ಇದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಬಾಗಿಲು. ತುಂಬಿದ ಜಲಾಶಯದಿಂದ ನೀರು ಹೊಳೆಗೆ ಹೋಗುತ್ತಿದ್ದಾಗ ಕೊಪ್ಪಳ, ರಾಯಚೂರಿನ ರೈತನಿಗೆ ಎಷ್ಟು ಸಂಕಟವೋ ಕರ್ನೂಲು, ಅನಂತಪುರದ ರೈತನಿಗೂ ಅಷ್ಟೇ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಬಹುದೆಂದು ಮುಂದೆ ನಿಂತವರು ತೆಲುಗು ನಾಡಿನ ಹಿರಿಯ ಗೇಟು ತಜ್ಞ ಕನ್ನಯ್ಯ ನಾಯ್ಡು; ಉಕ್ಕಿನ ತುಂಡುಗಳನ್ನು ಮಾಡಿಕೊಟ್ಟದ್ದು ಹೊಸಪೇಟೆ ಸೀಮೆಯ ಕಾರ್ಖಾನೆಗಳು. ಒಂದು ವಾರದಲ್ಲಿ ನೀರು ನಿಂತಿತು. ಆ ವಾರ ದೋಷ ಯಾರದೆಂಬ ಮಾತು ಬರದೆ ಇರಲಿಲ್ಲ, ಬಂತು. ಆದರೆ ಗೇಟು ಅವರದೋ ನಮ್ಮದೋ ಎಂದು ಕೇಳುವಂತಿರಲಿಲ್ಲ.

ಇದನ್ನು ಸ್ನೇಹ ಎನ್ನಲು ನನಗೆ ಮನಸ್ಸಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಆ ನಷ್ಟ ತುಂಬಲು ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕೆಂದು ಕರ್ನಾಟಕ ವರ್ಷಗಳಿಂದ ಕೇಳುತ್ತಿದೆ. ಉಳಿದಿಬ್ಬರ ಒಪ್ಪಿಗೆಯಿಲ್ಲದೆ ಅದು ಕಾಗದದಲ್ಲೇ ಉಳಿದಿದೆ. ಕೂಡಿರುವವರು ಒಬ್ಬರ ಕೈಯನ್ನೊಬ್ಬರು ಕಟ್ಟಿಹಾಕಿಯೂ ಇರುತ್ತಾರೆ.

ಈಗ ನಮ್ಮ ಹೊಳೆಗೆ ಮರಳೋಣ. ಭೀಮೆಯ ಮೇಲೆ ಕಟ್ಟಡಗಳಿಗೆ ಕೊರತೆಯಿಲ್ಲ. ಮೇಲೆ ಉಜನಿ, ನಮ್ಮ ಅಫಜಲಪುರ ತಾಲೂಕಿನಲ್ಲಿ ಸೊನ್ನ ಬ್ಯಾರೇಜು. ಆದರೆ ಪ್ರತಿಯೊಂದೂ ಅವರವರ ನೆಲದಲ್ಲಿ, ಅವರವರ ಹಣದಲ್ಲಿ ಆದದ್ದು. ಬಚಾವತ್ ನ್ಯಾಯಮಂಡಳಿ ನೀರು ಹಂಚುವಾಗ ಭೀಮೆಯ ಮುಖ್ಯ ಹೊಳೆಯಿಂದ ಕರ್ನಾಟಕ 15 ಟಿಎಂಸಿ ಮೀರಿ ಬಳಸಬಾರದೆಂದು ಮಿತಿ ಹಾಕಿತು. ಅದೇ ಮಂಡಳಿ ‘ಬಿ’ ಸ್ಕೀಮು ಎಂದು ಇನ್ನೊಂದನ್ನೂ ಬರೆದಿತ್ತು. ಅದು ನಡೆಯಬೇಕಾದರೆ ಇಡೀ ಕೃಷ್ಣಾ ಕಣಿವೆಗೆ ಒಂದು ಪ್ರಾಧಿಕಾರ ಬೇಕಿತ್ತು. ಆ ಪ್ರಾಧಿಕಾರ ಹುಟ್ಟಲೇ ಇಲ್ಲ. ಹೀಗಾಗಿ ಬೇಸಿಗೆ ಬಂದರೆ ಬೆಂಗಳೂರಿನಿಂದ ಮುಂಬಯಿಗೆ ಪತ್ರ, ಮಳೆಗಾಲ ಬಂದರೆ ಅಲ್ಲಿಂದ ಇಲ್ಲಿಗೆ ಮುನ್ಸೂಚನೆ. ಪತ್ರಕ್ಕೆ ಉತ್ತರ ಬರುವುದು ಆಯಾ ಕಾಲದ ಸರ್ಕಾರಗಳ ಮರ್ಜಿ.

ವಿಚಿತ್ರವೆಂದರೆ ಇದೇ ಹೊಳೆಗೆ ಪಂಢರಪುರದಲ್ಲಿ ಚಂದ್ರಭಾಗಾ ಎಂದು ಕೈಮುಗಿಯಲು ನಮ್ಮ ಕಡೆಯವರು ಹೋಗುತ್ತಾರೆ. ದೇವಲ ಗಾಣಗಾಪುರದ ಸಂಗಮದಲ್ಲಿ ಮುಳುಗಲು ಮಹಾರಾಷ್ಟ್ರದವರು ಬರುತ್ತಾರೆ. ಬರಹೋಗುವ ಜನರಿಗೆ ಬರವಿಲ್ಲ.

ಜೇವರ್ಗಿಯ ರೈತರಿಗೆ ಇನ್ನೊಂದು ದಿಕ್ಕಿನಿಂದಲೂ ನೀರು ಬರುತ್ತದೆ, ನಾರಾಯಣಪುರದ ಬಸವಸಾಗರದಿಂದ. ಆ ಎಡದಂಡೆ ಕಾಲುವೆಯ ಒಂದು ಶಾಖೆಗೆ ಈ ಊರಿನದೇ ಹೆಸರು. ಅಲ್ಲಿ ಮೇಲಿನವರೂ ನಾವೇ, ಕೊನೆಭಾಗದವರೂ ನಾವೇ. ರಾಜ್ಯದ ಗಡಿ ನಡುವೆ ಇಲ್ಲ. ಕೊನೆಯ ತೂಬಿನ ರೈತನಿಗೆ ಈ ಹಂಗಾಮಿನಲ್ಲಿ ಎಷ್ಟು ದಿನ ನೀರು ಮುಟ್ಟಿತೆಂದು ಬರೆದಿಟ್ಟ ಪುಸ್ತಕ ನಿಮ್ಮ ಊರಿನಲ್ಲಿ ಯಾರ ಬಳಿಯಾದರೂ ಇದ್ದರೆ ಸಭೆ ಮುಗಿದ ಮೇಲೆ ದಯವಿಟ್ಟು ತೋರಿಸಿ. ಮುಂಬಯಿಗೆ ಬರೆಯುವ ಪತ್ರಕ್ಕಿಂತ ಮೊದಲು ನಾನು ಅದನ್ನು ಓದಬೇಕೆಂದಿದ್ದೇನೆ.